ಕಾಡುಬೆಂಡೆಯ ಕೊಡುಗೆ ‘ಅರ್ಕಾ ಅನಾಮಿಕ’
ಬೆಂಡೆ ಬೆಳೆಗಾರರನ್ನು ಬಹುವಾಗಿ ಕಾಡುವುದು ಬಿಳಿನೊಣ ಹರಡುವ ಹಳದಿ ನಂಜುರೋಗ. ಎಳೆಯ ಗಿಡಕ್ಕೆ ತಗುಲಿದರೆ ಇಳುವರಿ ಕುಸಿಯುತ್ತದೆ. ಬಿಳಿಚಿದ ಕಾಯಿಯನ್ನು ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ರೋಗ ತಾಳಿಕೊಳ್ಳುತ್ತದೆಂದು 1960ರ ದಶಕದಲ್ಲಿ ಹೆಸರಾಗಿದ್ದ ದೆಹಲಿಯ ‘ಪೂಸಾ ಸಾವನಿ’ಯೂ ಕ್ರಮೇಣ ಸೋತಿತು.

ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೋಗ ತಗುಲದ ಕಾಡುಬೆಂಡೆಯೊಂದನ್ನು ಊರಬೆಂಡೆಯೊಡನೆ ಸಂಕರಿಸಿದರು. ಹುಟ್ಟಿದ ಗಿಡ ಬಹುಪಾಲು ಬಂಜೆ. ಆದ್ದರಿಂದ ಊರಬೆಂಡೆಯೊಡನೆ ಮತ್ತೆ ಮತ್ತೆ ಸಂಕರಿಸಿ, ತಲೆಮಾರು ತಲೆಮಾರಿಗೂ ರೋಗವಿಲ್ಲದ, ಒಳ್ಳೆಯ ಕಾಯಿಯ ಗಿಡಗಳನ್ನಷ್ಟೇ ಆರಿಸಬೇಕಾಯಿತು. ಹೀಗೆ ರೂಪುಗೊಂಡದ್ದೇ ‘ಅರ್ಕಾ ಅನಾಮಿಕ’.

ಇದು ಹೈಬ್ರಿಡ್ ಅಲ್ಲವಾದ್ದರಿಂದ ರೈತರು ಬೀಜ ಉಳಿಸಿಕೊಳ್ಳಬಹುದು, ಅದೇನೂ ಸಣ್ಣ ಲಾಭವಲ್ಲ. ಆದರೆ ಜೇನ್ನೊಣಗಳು ಅನ್ಯ ತಳಿಯ ಪರಾಗ ತರುವ ಕಾರಣ ಬೀಜದ ತಾಕು ದೂರದಲ್ಲಿರಬೇಕು. ನಂಜಾಣುವೂ ಮಾರ್ಪಡುತ್ತಲೇ ಇರುತ್ತದೆ. ಹಲವೆಡೆ ಈ ತಳಿಯ ನಿರೋಧಕ ಶಕ್ತಿ ಈಗಾಗಲೇ ಕುಗ್ಗಿದೆ.