ಎತ್ತು ಕುಂಟಿದ ಮೇಲೆ

ವಿಜಯಪುರದಿಂದ ಅಥಣಿಯ ದಾರಿ ಹಿಡಿದರೆ ಮೊದಲು ತೊರವಿ ಸಿಗುತ್ತದೆ. ಅದನ್ನು ದಾಟಿದ ಮೇಲೆ ತಿಕೋಟಾ. ಆ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ದೊಡ್ಡವ್ವನ ಮನೆಯಿತ್ತು. ನಸುಕಿನಲ್ಲಿ ಅವಳು ಏಳುತ್ತಿದ್ದುದು ಗೋಡೆ ಹಿಡಿದು. "ಮೈಯೆಲ್ಲಾ ಹಿಡದದಪಾ, ಬಗ್ಗಾಕ ಬರವಲ್ದು" ಎನ್ನುವಳು. ಜ್ವರವಿಲ್ಲ, ಬಾವಿಲ್ಲ, ಗಾಯವಿಲ್ಲ. ಪಟ್ಟಣದ ವೈದ್ಯರೊಬ್ಬರು ಕ್ಷ-ಕಿರಣದ ಚಿತ್ರ ತೆಗೆಸಿ, "ಏನೂ ಇಲ್ಲ" ಎಂದುಬಿಟ್ಟರು. ಆ ಮೇಲೆ ಮನೆಯವರ ಮಾತಿಗೆ ಬಲ ಬಂದಿತು: "ಕೆಲಸ ಕಂಡ್ರ ಆಕಿಗೆ ಬ್ಯಾನಿ ಬರ್ತದ." ದೊಡ್ಡವ್ವ ನೋವನ್ನು ಹೇಳುವುದನ್ನೇ ಬಿಟ್ಟಳು, ಅನುಭವಿಸುವುದನ್ನು ಬಿಡುವ ಉಪಾಯ ಅವಳಿಗೆ ತಿಳಿದಿರಲಿಲ್ಲ.

ಅದೇ ವರುಷ ಆ ಮನೆಯ ಎತ್ತೊಂದು ಕುಂಟಿತು. ಅಂದು ಯಾರಿಗೂ ನಿದ್ದೆಯಿಲ್ಲ. ನೆರೆಯವರು ಬಂದರು, ದನದ ಮದ್ದು ಬಲ್ಲವರು ಬಂದರು, ಅರಿಸಿನ ಕಾಯಿಸಿ ಕಾಲಿಗೆ ಕಟ್ಟಿದರು. ಎತ್ತಿನ ಬೇನೆಗೆ ಯಾರೂ ಸಾಕ್ಷಿ ಕೇಳಲಿಲ್ಲ.

ಇದು ನಮ್ಮ ಮನೆಯೊಂದರದೇ ಕಥೆಯೆಂದು ನಾನು ಬಹುಕಾಲ ತಿಳಿದಿದ್ದೆ. ವೈದ್ಯಶಾಸ್ತ್ರದ ಚರಿತ್ರೆಯಲ್ಲಿಯೇ ಇಂಥದೊಂದು ಪ್ರಕರಣವಿದೆಯೆಂದು ತಿಳಿದುದು ಆಮೇಲೆ.

1930ರ ಸುಮಾರಿನಲ್ಲಿ, ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ನೆಲ್ಲೂರು ಜಿಲ್ಲೆಯ ರೈತರು ತಮ್ಮ ಎತ್ತುಗಳು ಕಾಲೆತ್ತಿ ನಡೆಯಲಾರದೆ ನಿಲ್ಲುವುದನ್ನು ಕಂಡರು. ಕೀಲುಗಳು ಬಿಗಿದುಕೊಂಡಿದ್ದವು. ನೇಗಿಲು ನಿಂತಿತೆಂದ ಮೇಲೆ ವಿಚಾರಣೆ ನಡೆಯಲೇಬೇಕಷ್ಟೆ! ಅದೇ ನೀರು ಕುಡಿಯುತ್ತಿದ್ದ ಜನರಲ್ಲಿಯೂ ಅದೇ ರೋಗವಿದೆಯೆಂಬುದು ಅನಂತರ ಗೊತ್ತಾಯಿತು. 1937ರಲ್ಲಿ ಶಾರ್ಟ್ ಮತ್ತು ಅವರ ಸಂಗಡಿಗರು, ಕುಡಿಯುವ ನೀರಿನಲ್ಲಿ ಮಿತಿಮೀರಿದ ಫ್ಲೋರೈಡೇ ಇದರ ಮೂಲವೆಂದು ಪ್ರಕಟಿಸಿದರು. ಇದಕ್ಕೆ ಐದು ವರ್ಷ ಮೊದಲು, 1932ರಲ್ಲಿ, ಡೆನ್ಮಾರ್ಕಿನಲ್ಲಿ ಕ್ರಯೊಲೈಟ್ ಎಂಬ ಖನಿಜದ ಧೂಳಿನಲ್ಲಿ ದುಡಿಯುತ್ತಿದ್ದ ಕೂಲಿಗಳ ಎಲುಬಿನಲ್ಲಿಯೂ ಇಂಥದೇ ವಿಕಾರ ಕಂಡುಬಂದಿತ್ತು. ರೋಗಕ್ಕೆ ಫ್ಲೋರೋಸಿಸ್ ಎಂಬ ಹೆಸರು ಬಂದಿತು. ಆದರೆ ನಮ್ಮ ನಾಡಿನಲ್ಲಿ ಅದು ಮೊದಲು ಕಣ್ಣಿಗೆ ಬಿದ್ದುದು ಎತ್ತಿನ ಕಾಲಿನಲ್ಲಿ, ಮನುಷ್ಯನ ಮಾತಿನಲ್ಲಿ ಅಲ್ಲ.

ದನಗಳ ಮೇಲಿನ ಈ ಅಕ್ಕರೆ ನಮಗೆ ಹೊಸದಲ್ಲ. 12ನೆಯ ಶತಮಾನದಲ್ಲಿಯೇ ಚಾಲುಕ್ಯ ವಂಶದ ಕೀರ್ತಿವರ್ಮನು ಕನ್ನಡದಲ್ಲಿ 'ಗೋವೈದ್ಯ'ವನ್ನು ಬರೆದನು. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥನು 'ಕರ್ಣಾಟಕ ಕಲ್ಯಾಣಕಾರಕ'ವನ್ನು ರಚಿಸಿದುದರಿಂದ ಮನುಷ್ಯರ ವೈದ್ಯಕ್ಕೂ ಕನ್ನಡದಲ್ಲಿ ಗ್ರಂಥದ ಕೊರತೆಯಿರಲಿಲ್ಲ. ಕೊರತೆಯಿದ್ದುದು ಬೇರೆಡೆ. ಗುರುತು ತೋರದ ನೋವಿಗೆಲ್ಲ ಹಳ್ಳಿಯಲ್ಲಿ 'ವಾಯು' ಎಂಬ ಒಂದೇ ಹೆಸರು. ಆ ಹೆಸರಿಟ್ಟ ಮೇಲೆ ಯಾರೂ ಮುಂದೆ ಕೇಳುವುದಿಲ್ಲ.

ಈ ರೋಗದ ನಡೆ ವಿಚಿತ್ರವಾದುದು. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಅದು ವರ್ಷಗಟ್ಟಲೆ ಎಲುಬಿನಲ್ಲಿ ಸಂಗ್ರಹವಾಗುತ್ತ ಹೋಗುತ್ತದೆ. ಮೊದಲು ಕುತ್ತಿಗೆ, ಸೊಂಟ, ಮೊಣಕಾಲುಗಳಲ್ಲಿ ನೋವು, ಬಿಗಿತ. ಈ ಹಂತದಲ್ಲಿ ಕ್ಷ-ಕಿರಣದ ಚಿತ್ರದಲ್ಲಿ ಏನೂ ಕಾಣದಿರಬಹುದು. ಕೊನೆಗೆ ಕೀಲಿನ ಸುತ್ತಲಿನ ಕಟ್ಟುಗಳು ಸುಣ್ಣಗಟ್ಟಿ, ಬೆನ್ನು ಬಾಗಿದಾಗ ಚಿತ್ರ ಸ್ಪಷ್ಟವಾಗುತ್ತದೆ. ಅಷ್ಟರಲ್ಲಿ ಕಾಲ ಮೀರಿರುತ್ತದೆ. ಹಾಗೆ ಬಾಗಿದ ಎಲುಬನ್ನು ಮೊದಲಿನಂತೆ ಮಾಡುವ ಔಷಧಿಯಿಲ್ಲ. ಅಂದರೆ, ನೋವು ಸುಳ್ಳೆಂದು ನಾವು ತಳ್ಳಿಹಾಕುವ ಕಾಲವೇ ಅದನ್ನು ತಡೆಯಬಹುದಾದ ಕಾಲ!

ನಮ್ಮ ಊರಿನ ನೀರಿನ ಚರಿತ್ರೆಯನ್ನು ಇದರೊಡನೆ ಇಟ್ಟು ನೋಡಬೇಕು. ಆದಿಲಶಾಹಿ ಅರಸರು ನೀರಿಗಾಗಿ ಪಟ್ಟ ಶ್ರಮ ಸಾಮಾನ್ಯವಲ್ಲ. 1579ರಲ್ಲಿ ಚಾಂದ ಬಾವಡಿ, 1620ರಲ್ಲಿ ತಾಜ ಬಾವಡಿ, 1651ರಲ್ಲಿ ಬೇಗಂ ತಲಾಬ. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ಪಟ್ಟಣಕ್ಕೆ ಹರಿದುಬಂದಿತು. ಅವೆಲ್ಲ ಬಹುಮಟ್ಟಿಗೆ ಮಳೆಯ ನೀರನ್ನೂ ಮೇಲುಪದರಿನ ಸೆಲೆಯನ್ನೂ ನೆಚ್ಚಿದ ಕೆಲಸಗಳು. 1972ರ ಬರಗಾಲದ ಬಳಿಕ ಕೊಳವೆಬಾವಿಗಳ ಯುಗ ಬಂದಿತು. ಅವು ಬಾಯಾರಿದವರಿಗೆ ನೀರು ಕೊಟ್ಟವು. ಆ ಉಪಕಾರವನ್ನು ಮರೆಯಲಾಗದು. ಆದರೆ ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರು ಬಂಡೆಯ ಫ್ಲೋರೈಡನ್ನು ಕರಗಿಸಿಕೊಂಡಿರುವ ಸಂಭವ ಹೆಚ್ಚು. ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿದ ಕರ್ನಾಟಕದ ಜಿಲ್ಲೆಗಳ ಪಟ್ಟಿಯಲ್ಲಿ ವಿಜಯಪುರದ ಹೆಸರೂ ಇದೆ. ಎಲ್ಲ ಊರುಗಳಲ್ಲಿಯೂ ಹೀಗೆಂದಲ್ಲ. ಒಂದು ಬಾವಿಯ ನೀರು ಒಳ್ಳೆಯದಿದ್ದು, ಕೂಗಳತೆಯ ಇನ್ನೊಂದು ಬಾವಿಯದು ಕೆಟ್ಟದ್ದಿರಬಹುದು. ಅದನ್ನು ನಾಲಗೆ ಹೇಳಲಾರದು, ಪರೀಕ್ಷೆ ಮಾತ್ರ ಹೇಳಬಲ್ಲದು. ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕ ಮಟ್ಟ. ಬೇರೆ ನೀರೇ ಇಲ್ಲದಾಗ 1.5ರವರೆಗೆ ಸಹಿಸಬಹುದೆಂಬುದು ನಮ್ಮ ದೇಶದ ನಿಯಮ.

ಈಗ ಕಾಲ ಬದಲಾಗುತ್ತಿದೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಬಲೇಶ್ವರ, ತಿಕೋಟಾಗಳ ಕಡೆಯ ಕೆರೆಗಳಿಗೆ ಏರಿ ಬಂದಿದೆ. ದ್ರಾಕ್ಷಿಯ ತೋಟಗಳು ಇದರಿಂದ ಉಸಿರಾಡುತ್ತಿವೆ. ಫ್ಲೋರೋಸಿಸ್ ತಡೆಗೆಂದು 2008-09ರಲ್ಲಿ ಕೇಂದ್ರ ಸರ್ಕಾರದ ಕಾರ್ಯಕ್ರಮವೂ ಆರಂಭವಾಯಿತು. ಆದರೂ ನೀರು ಬದಲಾದ ಮಾತ್ರಕ್ಕೆ ನಮ್ಮ ಕಿವಿ ಬದಲಾದಂತಲ್ಲ.

ವಾಚಕರು ಕೆಲವು ಸಂಗತಿಗಳನ್ನು ನೆನಪಿನಲ್ಲಿಟ್ಟರೆ ಸಾಕು. ನೀರನ್ನು ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ದಟ್ಟವಾಗುತ್ತದೆ. ಗದ್ದವನ್ನು ಎದೆಗೆ ತಾಗಿಸಲು, ಬಗ್ಗಿ ಕಾಲ್ಬೆರಳು ಮುಟ್ಟಲು, ಎರಡೂ ಕೈಗಳನ್ನು ತಲೆಯ ಹಿಂದೆ ಕಟ್ಟಲು ಆಗದವರನ್ನು ವೈದ್ಯರಿಗೆ ತೋರಿಸಬೇಕು. ಮೂತ್ರದ ಪರೀಕ್ಷೆಯಿಂದ ಚಿತ್ರದಲ್ಲಿ ಕಾಣುವುದಕ್ಕೆ ಮೊದಲೇ ಸುಳಿವು ಸಿಗಬಹುದು. ಒಳ್ಳೆಯ ನೀರಿನ ಜೊತೆಗೆ ಹಾಲು, ಸೊಪ್ಪು, ನೆಲ್ಲಿಯಂಥ ಆಹಾರವೂ ಸಹಾಯಕ. ಮೈನೋವೆಲ್ಲವೂ ಫ್ಲೋರೋಸಿಸ್ ಅಲ್ಲ. ವಾತದ ಬೇನೆಗಳು ಹಲವು. ಎಷ್ಟು ಪರೀಕ್ಷಿಸಿದರೂ ಗುರುತು ತೋರದೆ ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾದಂಥ ರೋಗವನ್ನು ಕೂಡ ಇಂದಿನ ವೈದ್ಯಶಾಸ್ತ್ರ ನಿಜವೆಂದೇ ಒಪ್ಪಿದೆ.

ನಮ್ಮ ದೊಡ್ಡವ್ವನ ಬೇನೆ ಯಾವುದಿತ್ತೋ ನಾನು ಹೇಳಲಾರೆ. ಅವಳು ಕುಡಿದ ನೀರನ್ನು ಯಾರೂ ಪರೀಕ್ಷಿಸಲಿಲ್ಲ. ಅವಳು ಆಡಿದ ಮಾತನ್ನೂ ಯಾರೂ ಪರೀಕ್ಷಿಸಲಿಲ್ಲ, ನಾನೂ ಸಹ. ಎತ್ತಿಗೆ ಬಾಯಿಲ್ಲವೆಂದು ನಾವು ಅದರ ಕಾಲು ನೋಡಿದೆವು. ಬಾಯಿದ್ದ ಹೆಣ್ಣುಮಗಳು ಹೇಳಿದುದನ್ನು ಕೇಳಲಿಲ್ಲ. ನಸುಕಿನಲ್ಲಿ ಗೋಡೆ ಹಿಡಿದು ಏಳುವವರು ಇಂದೂ ಎಷ್ಟೋ ಮನೆಗಳಲ್ಲಿದ್ದಾರೆ. "ಎಲ್ಲಿ ನೋಯುತ್ತದೆ?" ಎಂದು ಅವರನ್ನು ಒಮ್ಮೆ ಕೇಳಿ, ಅವರು ಹೇಳಿ ಮುಗಿಸುವವರೆಗೆ ಕುಳಿತಿರೋಣ.