ಹೆಪ್ಪು ಕರಗಿಸುವ ಕಥೆ: ಮಾಸ್ಕೋದಿಂದ ನಮ್ಮೂರ ತಾಲೂಕು ಆಸ್ಪತ್ರೆವರೆಗೆ

ಬದಲಾಪುರ, ಕಲ್ಯಾಣ, ಡೊಂಬಿವ್ಲಿ, ಠಾಣೆ, ನವಿ ಮುಂಬಯಿ, ಎಲ್ಲೇ ಕೂತು ಓದುತ್ತಿದ್ದರೂ ಸ್ವಾಗತ. ಲೋಕಲ್‌ನಲ್ಲಿ ನೆಟ್‌ವರ್ಕ್ ಸಿಗದೆ ವಿಡಿಯೋ ಅರ್ಧಕ್ಕೇ ನಿಲ್ಲುತ್ತದಲ್ಲ, ಅಂಥವರಿಗಾಗಿ ಈ ಸಲದ ಮಾತು ಬರಹದಲ್ಲಿ.

2020-21ರ ಕೋವಿಡ್ ಕಾಲದಲ್ಲಿ ನಾವೆಲ್ಲ ಒಂದು ಹೊಸ ಪದ ಕಲಿತೆವು: ಡಿ-ಡೈಮರ್. ರಿಪೋರ್ಟ್ ವಾಟ್ಸಾಪ್‌ನಲ್ಲಿ ಬರುತ್ತಿತ್ತು, ಸಂಖ್ಯೆ ಜಾಸ್ತಿ ಇದ್ದರೆ ಮನೆಯವರಿಗೆಲ್ಲ ಗಾಬರಿ. ಅದು ಏನನ್ನು ಅಳೆಯುತ್ತದೆ ಅಂತ ಕೇಳಿದರೆ ಹೆಚ್ಚಿನವರ ಉತ್ತರ, "ರಕ್ತ ಹೆಪ್ಪುಗಟ್ಟೋದನ್ನ." ಅರ್ಧ ಮಾತ್ರ ಸರಿ. ಡಿ-ಡೈಮರ್ ಅಂದರೆ ಗಟ್ಟಿಯಾದ ಹೆಪ್ಪನ್ನು ದೇಹವೇ ಕತ್ತರಿಸಿ ಹಾಕಿದಾಗ ಉಳಿಯುವ ಚೂರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಅದೊಂದು ಲಾಗ್ ಎಂಟ್ರಿ. ಎಲ್ಲೋ ಹೆಪ್ಪು ಕಟ್ಟಿತ್ತು, ಅದನ್ನು ಕರಗಿಸುವ ಕೆಲಸ ನಡೆದಿದೆ ಅಂತ ಹೇಳುತ್ತದೆ. ಎಲ್ಲಿ, ಯಾಕೆ ಅಂತ ಹೇಳುವುದಿಲ್ಲ.

ಹೆಪ್ಪು ಅನ್ನುವ ಪದವನ್ನೇ ನೋಡಿ. ಅಮ್ಮ ರಾತ್ರಿ ಹಾಲಿಗೆ ಹೆಪ್ಪು ಹಾಕುತ್ತಾಳೆ, ಬೆಳಿಗ್ಗೆ ಮೊಸರು. ಆ ಮೊಸರು ಮತ್ತೆ ಹಾಲಾಗುವುದಿಲ್ಲ. ರಕ್ತದ ಹೆಪ್ಪು ಹಾಗಲ್ಲ. ಗಾಯ ಆದಾಗ ಕಟ್ಟುತ್ತದೆ, ಗಾಯ ಮಾಯುತ್ತಾ ಬಂದಂತೆ ಕರಗುತ್ತದೆ. ಕಟ್ಟದಿದ್ದರೆ ರಕ್ತ ಸೋರಿ ಸಾಯುತ್ತೇವೆ, ಕರಗದಿದ್ದರೆ ನಾಳ ಮುಚ್ಚಿ ಸಾಯುತ್ತೇವೆ. ಇದನ್ನು ಮನುಷ್ಯರು ಹೇಗೆ ಕಂಡುಕೊಂಡರು, ಕಂಡುಕೊಂಡದ್ದು ಊರಲ್ಲಿರುವ ನಮ್ಮ ಅಪ್ಪ-ಅಮ್ಮಂದಿರನ್ನು ಯಾವಾಗ ಮುಟ್ಟಿತು ಅನ್ನುವುದೇ ಇವತ್ತಿನ ಕಥೆ.

ಸತ್ತವರ ರಕ್ತ, ತೆಳ್ಳಗಿನ ರಕ್ತ

ಹಠಾತ್ತಾಗಿ ಸತ್ತವರ ರಕ್ತ ಕೆಲವೊಮ್ಮೆ ಗಟ್ಟಿಯಾಗಿರುವುದಿಲ್ಲ, ನೀರಿನಂತೆ ಇರುತ್ತದೆ ಅಂತ ವೈದ್ಯರು 18ನೇ ಶತಮಾನದಲ್ಲೇ ಗಮನಿಸಿದ್ದರು. 1893ರಲ್ಲಿ ಫ್ರಾನ್ಸಿನ ದಾಸ್ತ್ರ್ ಎಂಬ ಶರೀರಶಾಸ್ತ್ರಜ್ಞ ಈ ಕರಗುವಿಕೆಗೆ ಫೈಬ್ರಿನೋಲಿಸಿಸ್ ಅಂತ ಹೆಸರಿಟ್ಟ. ಹೆಪ್ಪಿನ ಒಳಗಿನ ಎಳೆಗಳ ಹೆಸರು ಫೈಬ್ರಿನ್. ಆ ಎಳೆ ಬಿಚ್ಚಿಹೋಗುವುದು ಅನ್ನುವ ಅರ್ಥ.

1930ರ ಮಾರ್ಚ್‌ನಲ್ಲಿ ಮಾಸ್ಕೋದ ಶಸ್ತ್ರವೈದ್ಯ ಸೆರ್ಗೆಯ್ ಯೂದಿನ್, ಕೆಲವೇ ಗಂಟೆಗಳ ಹಿಂದೆ ಸತ್ತ ವ್ಯಕ್ತಿಯ ರಕ್ತವನ್ನು ಸಾವಿನಂಚಿನಲ್ಲಿದ್ದ ರೋಗಿಗೆ ಕೊಟ್ಟ. ರೋಗಿ ಬದುಕಿದ. ಆಮೇಲೆ ಅವನ ಆಸ್ಪತ್ರೆಯಲ್ಲಿ ಇದು ಪದ್ಧತಿಯೇ ಆಯಿತು. ಹಠಾತ್ ಸಾವಿನ ನಂತರ ರಕ್ತ ಮೊದಲು ಹೆಪ್ಪುಗಟ್ಟಿ, ಕೆಲವು ಗಂಟೆಗಳಲ್ಲಿ ತಾನಾಗಿಯೇ ಕರಗಿ, ಮತ್ತೆ ಗಟ್ಟಿಯಾಗದೆ ಉಳಿಯುತ್ತದೆ. ಕೇಳಲು ಮೈ ಜುಂ ಅನ್ನಬಹುದು. ಆದರೆ ಅದರಿಂದ ಒಂದು ಮಾತು ಖಚಿತವಾಯಿತು: ಕರಗಿಸುವ ಯಂತ್ರ ನಮ್ಮ ದೇಹದೊಳಗೇ ಇದೆ.

ಬಾಲ್ಟಿಮೋರ್‌ನ ಟ್ಯೂಬು

ಮೂರು ವರ್ಷದ ನಂತರ, 1933ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿಲಿಯಂ ಟಿಲ್ಲೆಟ್ ಮತ್ತು ಗಾರ್ನರ್ ಎಂಬ ಇಬ್ಬರು, ಗಂಟಲು ನೋವು ತರುವ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಮನುಷ್ಯರ ರಕ್ತದ ಹೆಪ್ಪಿಗೆ ಸೇರಿಸಿದರೆ ಹೆಪ್ಪು ಕರಗುತ್ತದೆ ಅಂತ ಪ್ರಕಟಿಸಿದರು. ಆ ದ್ರವದ ಸಾರಕ್ಕೆ ಮುಂದೆ ಸ್ಟ್ರೆಪ್ಟೋಕೈನೇಸ್ ಅಂತ ಹೆಸರು ಬಂತು.

ತಮಾಷೆ ಏನೆಂದರೆ ಬ್ಯಾಕ್ಟೀರಿಯಾ ತಾನಾಗಿ ಹೆಪ್ಪನ್ನು ಕತ್ತರಿಸುವುದಿಲ್ಲ. ನಮ್ಮ ರಕ್ತದಲ್ಲಿ ಪ್ಲಾಸ್ಮಿನೋಜೆನ್ ಎಂಬ ಪ್ರೋಟೀನ್ ಸುಮ್ಮನೆ ಓಡಾಡಿಕೊಂಡಿರುತ್ತದೆ. ಅದು ಒರೆಯಲ್ಲಿಟ್ಟ ಕತ್ತಿ. ಒರೆ ಕಳಚಿದರೆ ಪ್ಲಾಸ್ಮಿನ್ ಆಗುತ್ತದೆ, ಫೈಬ್ರಿನ್ ಎಳೆಗಳನ್ನು ಕತ್ತರಿಸುತ್ತದೆ. ಸ್ಟ್ರೆಪ್ಟೋಕೈನೇಸ್ ಮಾಡುವುದು ಆ ಒರೆ ಕಳಚುವ ಕೆಲಸ. ಬ್ಯಾಕ್ಟೀರಿಯಾಕ್ಕೆ ಅದರಿಂದ ನಮ್ಮ ದೇಹದೊಳಗೆ ದಾರಿ ಸಿಗುತ್ತದೆ, ನಮಗೆ ಅದರಿಂದ ಔಷಧ ಸಿಕ್ಕಿತು.

ಆದರೆ ಕತ್ತಿ ಎಲ್ಲೆಂದರಲ್ಲಿ ಒರೆಯಿಂದ ಹೊರಬಂದರೆ? ಅದಕ್ಕೇ ದೇಹ ಮೂರು ಕಟ್ಟುಪಾಡು ಇಟ್ಟಿದೆ. ಒಂದು, ನಾಳದ ಗೋಡೆಯಿಂದ ಬರುವ ಟಿಪಿಎ ಎಂಬ ನಮ್ಮದೇ ಒರೆ ಕಳಚುವ ಪ್ರೋಟೀನ್, ಫೈಬ್ರಿನ್ ಮೇಲೆ ಕೂತಾಗ ಮಾತ್ರ ಚುರುಕಾಗಿ ಕೆಲಸ ಮಾಡುತ್ತದೆ. ಎರಡು, ಪಿಎಐ-1 ಎಂಬ ಪ್ರೋಟೀನ್ ಆ ಟಿಪಿಎಯನ್ನೇ ಹಿಡಿದು ನಿಲ್ಲಿಸುತ್ತದೆ. ಮೂರು, ಹೆಪ್ಪಿನಿಂದ ತಪ್ಪಿಸಿಕೊಂಡು ಹೊರಗೆ ಬಂದ ಪ್ಲಾಸ್ಮಿನ್ ಅನ್ನು ಆಲ್ಫಾ-2 ಆಂಟಿಪ್ಲಾಸ್ಮಿನ್ ಕ್ಷಣಾರ್ಧದಲ್ಲಿ ಮುಗಿಸುತ್ತದೆ. ಅಂದರೆ ಕರಗಿಸಲು ಅನುಮತಿ ಇದೆ, ಹೆಪ್ಪು ಇರುವ ಜಾಗದಲ್ಲಿ ಮಾತ್ರ, ಬೇಕಾದಷ್ಟು ಹೊತ್ತು ಮಾತ್ರ.

ಈ ಪಿಎಐ-1 ನಮ್ಮಂಥ ಕುರ್ಚಿ ಬಿಟ್ಟೇಳದವರು ಗೊತ್ತಿಟ್ಟುಕೊಳ್ಳಬೇಕಾದ ಹೆಸರು. ಹೊಟ್ಟೆಯ ಕೊಬ್ಬು ಮತ್ತು ಸಕ್ಕರೆ ಕಾಯಿಲೆ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ದಿನದಲ್ಲಿ ಬೆಳಗಿನ ಹೊತ್ತು ಅದರ ಮಟ್ಟ ಜಾಸ್ತಿ. ಹೃದಯಾಘಾತಗಳು ಬೆಳಗಿನ ಜಾವದಿಂದ ಮಧ್ಯಾಹ್ನದೊಳಗೆ ಹೆಚ್ಚು ಆಗುವುದಕ್ಕೆ ಇದೂ ಒಂದು ಕಾರಣ ಅಂತ ವಿಜ್ಞಾನಿಗಳು ನೋಡುತ್ತಾರೆ. ಹಾಗಾದರೆ ಪಿಎಐ-1 ಇಲ್ಲದಿದ್ದರೆ ಒಳ್ಳೆಯದಲ್ಲವೇ? ಅಮೆರಿಕದ ಇಂಡಿಯಾನಾದ ಅಮಿಶ್ ಸಮುದಾಯದಲ್ಲಿ ಈ ಜೀನ್ ಕೆಟ್ಟಿರುವ ಕುಟುಂಬಗಳಿವೆ. ಎರಡೂ ಪ್ರತಿ ಕೆಟ್ಟವರಿಗೆ ಸಣ್ಣ ಗಾಯ, ಸಣ್ಣ ಆಪರೇಷನ್ ಆದರೂ ರಕ್ತ ನಿಲ್ಲುವುದು ಕಷ್ಟ. ಒಂದೇ ಪ್ರತಿ ಕೆಟ್ಟವರು ಉಳಿದವರಿಗಿಂತ ಸುಮಾರು 10 ವರ್ಷ ಹೆಚ್ಚು ಬದುಕಿದ್ದಾರೆ ಅಂತ 2017ರ ಅಧ್ಯಯನ ಹೇಳಿತು. ಪೂರ್ತಿ ಇಲ್ಲದಿದ್ದರೂ ಕಷ್ಟ, ಅತಿಯಾದರೂ ಕಷ್ಟ.

ಹೃದಯಕ್ಕೆ ಬಂದ ಕಾಲ

ಹೃದಯಾಘಾತಕ್ಕೆ ಸ್ಟ್ರೆಪ್ಟೋಕೈನೇಸ್ ಕೊಡುವ ಪ್ರಯತ್ನ 1950ರ ದಶಕದಲ್ಲೇ ಶುರುವಾಗಿತ್ತು. ಆದರೂ ದಶಕಗಟ್ಟಲೆ ವೈದ್ಯರಿಗೆ ನಂಬಿಕೆ ಬರಲಿಲ್ಲ. ಸಣ್ಣ ಸಣ್ಣ ಪ್ರಯೋಗಗಳು, ಒಂದೊಂದರಲ್ಲಿ ಒಂದೊಂದು ಉತ್ತರ. ಕೊನೆಗೆ 1986ರಲ್ಲಿ ಇಟಲಿಯ ಜಿಸ್ಸಿ ಪ್ರಯೋಗ 11 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿ, ಇಂಜೆಕ್ಷನ್ ಜೀವ ಉಳಿಸುತ್ತದೆ ಅಂತ ತೋರಿಸಿತು. ಎಷ್ಟು ಬೇಗ ಕೊಟ್ಟರೆ ಅಷ್ಟು ಲಾಭ.

1988ರ ಐಸಿಸ್-2 ಪ್ರಯೋಗದಲ್ಲಿ 17,187 ರೋಗಿಗಳು. ಐದು ವಾರದಲ್ಲಿ, ಸ್ಟ್ರೆಪ್ಟೋಕೈನೇಸ್ ಆಗಲಿ ಆಸ್ಪಿರಿನ್ ಆಗಲಿ ಸಿಗದವರಲ್ಲಿ ನೂರಕ್ಕೆ 13.2 ಜನ ಹೃದಯ-ರಕ್ತನಾಳದ ಕಾರಣಕ್ಕೆ ಸತ್ತರು. ಎರಡೂ ಸಿಕ್ಕವರಲ್ಲಿ 8. ಡೇಟಾ ನೋಡುವ ಕೆಲಸದವರಿಗೆ ಇನ್ನೊಂದು ವಿಷಯ ಹೇಳಲೇಬೇಕು. ಫಲಿತಾಂಶವನ್ನು ಚಿಕ್ಕ ಚಿಕ್ಕ ಗುಂಪಾಗಿ ಒಡೆದು ತೋರಿಸಿ ಅಂತ ಒತ್ತಾಯ ಬಂದಾಗ, ಸಂಶೋಧಕರು ಜನ್ಮರಾಶಿಯ ಪ್ರಕಾರವೂ ಒಡೆದು ತೋರಿಸಿದರು. ಮಿಥುನ, ತುಲಾ ರಾಶಿಯವರಿಗೆ ಆಸ್ಪಿರಿನ್ ಉಪಯೋಗವಿಲ್ಲ ಅಂತ ಬಂತು! ಡೇಟಾವನ್ನು ಬೇಕಾದಷ್ಟು ಹಿಂಡಿದರೆ ಬೇಕಾದ ಉತ್ತರ ಬರುತ್ತದೆ ಅಂತ ತೋರಿಸುವುದಕ್ಕೇ ಅದನ್ನು ಹಾಕಿದ್ದು.

ಸ್ಟ್ರೆಪ್ಟೋಕೈನೇಸ್‌ನ ಕೊರತೆ ಏನು? ಅದು ಹೆಪ್ಪು ಇದೆಯೋ ಇಲ್ಲವೋ ನೋಡುವುದಿಲ್ಲ, ರಕ್ತದುದ್ದಕ್ಕೂ ಒರೆ ಕಳಚುತ್ತದೆ. ಬ್ಯಾಕ್ಟೀರಿಯಾದ್ದಾದ್ದರಿಂದ ದೇಹ ಅದರ ವಿರುದ್ಧ ಪ್ರತಿಕಾಯ ಕಟ್ಟುತ್ತದೆ, ಹಾಗಾಗಿ ಅದೇ ರೋಗಿಗೆ ಮತ್ತೊಮ್ಮೆ ಕೊಡುವುದಿಲ್ಲ. ಬೆಲ್ಜಿಯಂನ ಲೂವೆನ್‌ನಲ್ಲಿ ದೆಸಿರೆ ಕೊಲ್ಲೆನ್ ಮತ್ತು ಜೊತೆಗಾರರು ದೇಹದ ಸ್ವಂತ ಟಿಪಿಎಯನ್ನೇ ಬೇರ್ಪಡಿಸಿದರು. ಅದು ಹೇರಳವಾಗಿ ಸಿಕ್ಕಿದ್ದು ಎಲ್ಲಿ ಅಂದರೆ ಚರ್ಮದ ಕ್ಯಾನ್ಸರ್‌ನ ಕೋಶಗಳಲ್ಲಿ. ಅಮೆರಿಕದ ಜೆನೆಂಟೆಕ್ ಕಂಪನಿ ಅದರ ಜೀನ್ ನಕಲು ಮಾಡಿ 1987ರಲ್ಲಿ ಔಷಧವಾಗಿ ಅನುಮತಿ ಪಡೆಯಿತು. 2000ದಲ್ಲಿ ಅದರಲ್ಲೇ ಮೂರು ಕಡೆ ತಿದ್ದಿ ಟೆನೆಕ್ಟೆಪ್ಲೇಸ್ ಬಂತು. ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಫೈಬ್ರಿನ್ ಮೇಲೆ ಇನ್ನೂ ಚೆನ್ನಾಗಿ ಗಮನ, ಪಿಎಐ-1ಗೆ ಸುಲಭವಾಗಿ ಸಿಕ್ಕುವುದಿಲ್ಲ. ಡ್ರಿಪ್ ಹಾಕಿ ಕಾಯಬೇಕಿಲ್ಲ, ಒಂದೇ ಇಂಜೆಕ್ಷನ್. ಸಣ್ಣ ಊರಿನ ಆಸ್ಪತ್ರೆಗೆ ಈ ಕೊನೆಯ ಮಾತೇ ಮುಖ್ಯ.

ಎರಡು ಕಡೆಯೂ ಗಡಿಯಾರ

1995ರಲ್ಲಿ ಟಿಪಿಎಯನ್ನು ಲಕ್ವಕ್ಕೂ, ಅಂದರೆ ಸ್ಟ್ರೋಕ್‌ಗೂ, ಪರೀಕ್ಷಿಸಿದರು. ಮೂರು ಗಂಟೆಯೊಳಗೆ ಕೊಟ್ಟರೆ ಹೆಚ್ಚು ಜನ ಅಂಗವಿಕಲತೆ ಇಲ್ಲದೆ ಚೇತರಿಸಿಕೊಂಡರು. ಆದರೆ ಮಿದುಳಲ್ಲಿ ಅಪಾಯಕಾರಿ ರಕ್ತಸ್ರಾವ ನೂರಕ್ಕೆ 6.4 ಜನಕ್ಕೆ ಆಯಿತು, ಔಷಧ ಸಿಗದವರಲ್ಲಿ 0.6. ಅದಕ್ಕೇ ಸ್ಟ್ರೋಕ್ ರೋಗಿಗೆ ಮೊದಲು ಸಿಟಿ ಸ್ಕ್ಯಾನ್. ಮುಚ್ಚಿದ ನಾಳವೋ ಒಡೆದ ನಾಳವೋ ತಿಳಿಯದೆ ಈ ಇಂಜೆಕ್ಷನ್ ಮುಟ್ಟುವ ಹಾಗಿಲ್ಲ. 2008ರ ಪ್ರಯೋಗದ ನಂತರ ಆ ಅವಧಿ ನಾಲ್ಕೂವರೆ ಗಂಟೆಗೆ ವಿಸ್ತರಿಸಿತು.

ಇದರ ತದ್ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡಿದವರು ಜಪಾನಿನ ಉಟಾಕೊ ಒಕಾಮೊಟೊ. ಹೆರಿಗೆಯಲ್ಲಿ ರಕ್ತ ಹರಿದು ತಾಯಂದಿರು ಸಾಯುವುದನ್ನು ತಡೆಯಬೇಕು ಅಂತ ಅವರು, ಪತಿ ಶೋಸುಕೆ ಜೊತೆ, ಹೆಪ್ಪು ಕರಗದಂತೆ ಹಿಡಿಯುವ ಮದ್ದು ಹುಡುಕಿದರು. 1962ರಲ್ಲಿ ಟ್ರಾನೆಕ್ಸಾಮಿಕ್ ಆಸಿಡ್ ಪ್ರಕಟವಾಯಿತು. ಅದು ಪ್ಲಾಸ್ಮಿನೋಜೆನ್ ಫೈಬ್ರಿನ್ ಮೇಲೆ ಕೂರುವ ಜಾಗವನ್ನೇ ಆಕ್ರಮಿಸಿಕೊಳ್ಳುತ್ತದೆ. 2010ರಲ್ಲಿ 20 ಸಾವಿರಕ್ಕೂ ಹೆಚ್ಚು ಗಾಯಾಳುಗಳ ಪ್ರಯೋಗ, 2017ರಲ್ಲಿ 20,060 ಬಾಣಂತಿಯರ ಪ್ರಯೋಗ, ಎರಡೂ ಅದರ ಬೆಲೆ ತೋರಿಸಿದವು. ಉಟಾಕೊ 2016ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಬಾಣಂತಿಯರ ಫಲಿತಾಂಶ ನೋಡಲು ಅವರು ಇರಲಿಲ್ಲ.

ಆ ಎರಡೂ ಪ್ರಯೋಗಗಳಲ್ಲಿ ಕಂಡದ್ದೇನು? ಮೂರು ಗಂಟೆಯೊಳಗೆ ಕೊಟ್ಟರೆ ಲಾಭ, ಆಮೇಲೆ ಇಲ್ಲ. ಗಾಯಾಳುಗಳಲ್ಲಂತೂ ತಡವಾಗಿ ಕೊಟ್ಟದ್ದು ಹಾನಿಯನ್ನೇ ಮಾಡಿದಂತೆ ಕಂಡಿತು. ಕರಗಿಸುವ ಮದ್ದಿಗೂ ಗಡಿಯಾರ, ಕರಗದಂತೆ ತಡೆಯುವ ಮದ್ದಿಗೂ ಗಡಿಯಾರ. ಈ ಇಡೀ ಇತಿಹಾಸದಿಂದ ನಾನು ತೆಗೆದುಕೊಂಡ ಪಾಠ ಇಷ್ಟೇ: ಇಲ್ಲಿ ಮದ್ದು ಯಾವುದು ಅನ್ನುವಷ್ಟೇ ಮುಖ್ಯ, ಎಷ್ಟು ಹೊತ್ತಿಗೆ ಅನ್ನುವುದು.

ನಮ್ಮ ಲೈನು, ನಮ್ಮ ಊರು

ಈಗ ನಮ್ಮ ಕಡೆ ಬನ್ನಿ. ಬದಲಾಪುರದಲ್ಲಿ ಲೋಕಲ್ ಹತ್ತಿದರೆ ಮುಂದಿನ ಸ್ಟೇಷನ್ ಅಂಬರನಾಥ. ಅಲ್ಲಿನ ಎಂಐಡಿಸಿಯಲ್ಲಿ ಕಾರ್ಖಾನೆ ಇರುವ ಭಾರತ್ ಸೀರಮ್ಸ್ ಕಂಪನಿಯ ಔಷಧಗಳಲ್ಲಿ ಯುರೋಕೈನೇಸ್ ಕೂಡ ಒಂದು. ಇದೂ ಹೆಪ್ಪು ಕರಗಿಸುವ ಮದ್ದೇ, ಮೊದಲು ಗುರುತಾದದ್ದು ಮನುಷ್ಯರ ಮೂತ್ರದಲ್ಲಿ. ಠಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಹಿಡಿದರೆ ಐರೋಳಿ, ಅದರ ಮುಂದಿನದು ರಬಾಳೆ. ಐರೋಳಿಯ ಐಟಿ ಪಾರ್ಕ್‌ಗೆ ನಮ್ಮಲ್ಲಿ ಎಷ್ಟೋ ಜನ ದಿನಾ ಹೋಗುತ್ತೇವೆ. ರಬಾಳೆಯಲ್ಲಿ ರಿಲಯನ್ಸ್ ಲೈಫ್ ಸೈನ್ಸಸ್ ಇದೆ, ಅವರದ್ದು ರೆಟೆಪ್ಲೇಸ್, ಟಿಪಿಎಯದೇ ಇನ್ನೊಂದು ತಿದ್ದಿದ ರೂಪ. ಪುಣೆಯ ಹಿಂಜೆವಾಡಿಯ ಐಟಿ ಪಾರ್ಕ್ ಪಕ್ಕದಲ್ಲೇ ಇರುವ ಜೆನ್ನೋವಾ ಟೆನೆಕ್ಟೆಪ್ಲೇಸ್ ಮಾಡುತ್ತದೆ. ಚಂಡೀಗಢದ ಇಮ್‌ಟೆಕ್ ಪ್ರಯೋಗಾಲಯದಲ್ಲಿ ಗಿರೀಶ್ ಸಾಹ್ನಿಯವರ ತಂಡ ಸ್ಟ್ರೆಪ್ಟೋಕೈನೇಸ್ ಅನ್ನು ದೇಶದಲ್ಲೇ ತಯಾರಿಸುವ ತಂತ್ರ ಕಟ್ಟಿ ಕಂಪನಿಗಳಿಗೆ ಕೊಟ್ಟಿತ್ತು.

ಅಂದರೆ ಮದ್ದು ನಮ್ಮ ರೈಲು ದಾರಿಯಲ್ಲೇ ಇತ್ತು. ಆದರೆ ಊರಲ್ಲಿ ಅಪ್ಪನಿಗೆ ಎದೆನೋವು ಬಂದಾಗ? ತಾಲೂಕು ಆಸ್ಪತ್ರೆಯಲ್ಲಿ "ಜಿಲ್ಲೆಗೆ ಕರ್ಕೊಂಡು ಹೋಗಿ" ಅಂತ ಕಳಿಸುವುದು, ದಾರಿಯಲ್ಲೇ ಎರಡು ಗಂಟೆ ಹೋಗುವುದು, ಇಲ್ಲಿ ನಾವು ಫೋನ್ ಹಿಡಿದು ಕೂರುವುದು. ಇದು ಎಷ್ಟೋ ಮನೆಗಳ ಕಥೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗ ಇಡೀ ಕರ್ನಾಟಕ ಹೃದಯಾಘಾತದ ಬಗ್ಗೆ ಮಾತಾಡಿತು. ಅವರ ಹೆಸರಲ್ಲೇ ರಾಜ್ಯ ಸರ್ಕಾರ 2023ರ ನವೆಂಬರ್‌ನಲ್ಲಿ ಹೃದಯ ಜ್ಯೋತಿ ಯೋಜನೆ ಶುರುಮಾಡಿತು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ, ಅದು ಕೂಡಲೇ ಜಯದೇವದಂಥ ದೊಡ್ಡ ಕೇಂದ್ರದ ತಜ್ಞರಿಗೆ ಹೋಗುತ್ತದೆ, ದೊಡ್ಡ ನಾಳವೇ ಮುಚ್ಚಿದ ಹೃದಯಾಘಾತ ಅಂತ ಖಚಿತವಾದರೆ ಟೆನೆಕ್ಟೆಪ್ಲೇಸ್ ಅಲ್ಲೇ, ಉಚಿತವಾಗಿ. ಹೊರಗೆ ಅದರ ಬೆಲೆ ಹತ್ತಾರು ಸಾವಿರ ರೂಪಾಯಿ. ಇಂಜೆಕ್ಷನ್ ಆದ ಮೇಲೂ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು, ಆದರೆ ಹೋಗುವಷ್ಟು ಹೊತ್ತು ಸಿಗುತ್ತದೆ.

ಹಾಗಾಗಿ ಈ ವಾರ ಊರಿಗೆ ಫೋನ್ ಮಾಡಿದಾಗ ಮೂರು ವಿಷಯ ಕೇಳಿಡಿ. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ಇಂಜೆಕ್ಷನ್ ಇದೆಯಾ? ಸಿಟಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದು? ಅಪ್ಪ-ಅಮ್ಮ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಹಿಂದೆ ಸ್ಟ್ರೋಕ್, ದೊಡ್ಡ ಆಪರೇಷನ್, ಹೊಟ್ಟೆಯ ರಕ್ತಸ್ರಾವ ಏನಾದರೂ ಆಗಿತ್ತಾ? ಇಂಜೆಕ್ಷನ್ ಕೊಡುವ ಮೊದಲು ಡಾಕ್ಟರ್ ಕೇಳುವ ಪ್ರಶ್ನೆಗಳು ಇಂಥವೇ. ಅದು ಕಾಲಹರಣ ಅಲ್ಲ, ಒರೆಯಿಂದ ಕತ್ತಿ ತೆಗೆಯುವ ಮೊದಲಿನ ಎಚ್ಚರ. ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದು ಮನೆ ಬಾಗಿಲ ಹಿಂದೆ ಅಂಟಿಸಲು ಹೇಳಿ, ಅದರ ಫೋಟೋ ನಿಮ್ಮ ಫೋನಲ್ಲಿರಲಿ. ಎದೆನೋವು, ಬಾಯಿ ಸೊಟ್ಟಗಾಗುವುದು, ಕೈ ಎತ್ತಲಾಗದಿರುವುದು, ಇವುಗಳಿಗೆ "ಬೆಳಿಗ್ಗೆ ನೋಡೋಣ, ಗ್ಯಾಸ್ ಇರಬೇಕು" ಅನ್ನುವುದು ಬೇಡ ಅಂತಲೂ ಹೇಳಿ. ಔಷಧದ ನಿರ್ಧಾರ ಡಾಕ್ಟರದ್ದು, ಹೊತ್ತು ಉಳಿಸುವುದು ನಮ್ಮದು.

ಮುಂದಿನ ಮಾತಿನಲ್ಲಿ ಸಿಗೋಣ.