ತಾಳಗುಂದದ ಕಂಬ ಹೇಳುವ ಲೆಕ್ಕಾಚಾರ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದಿರುವ ಕಲ್ಲುಕಂಬ ಮಯೂರಶರ್ಮನ ಕಥೆ ಹೇಳುತ್ತದೆ. ವೇದಾಧ್ಯಯನಕ್ಕೆ ಕಂಚಿಗೆ ಹೋದ ಆತನಿಗೆ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು. ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು.

ಕೋಪವೊಂದರಿಂದಲೇ ರಾಜ್ಯ ಹುಟ್ಟಲಿಲ್ಲ. ಆತ ನೇರವಾಗಿ ಕಂಚಿಯ ಮೇಲೆ ಬೀಳಲಿಲ್ಲ. ಮೊದಲು ಗಡಿ ಕಾವಲುಗಾರರನ್ನು ಸೋಲಿಸಿ, ಶ್ರೀಪರ್ವತದ ದುರ್ಗಮ ಕಾಡಿನಲ್ಲಿ ನೆಲೆಯೂರಿದ. ಬೃಹದ್ಬಾಣರಿಂದ ಕಪ್ಪ ವಸೂಲು ಮಾಡಿ ಬಲ ಕೂಡಿಸಿದ. ದಂಡೆತ್ತಿ ಬಂದ ಪಲ್ಲವರ ಮೇಲೆ ರಾತ್ರಿ ಹೊತ್ತು ಎರಗಿದ. ಕೊನೆಗೆ ಅವರೇ ಸಂಧಿ ಮಾಡಿಕೊಂಡು ನಾಡು ಬಿಟ್ಟುಕೊಟ್ಟರು. ಹೀಗೆ ಸುಮಾರು ಕ್ರಿ.ಶ. 345ರಲ್ಲಿ ಕದಂಬ ರಾಜ್ಯ ತಲೆ ಎತ್ತಿತು. ಸೊರಬಕ್ಕೆ ಸಮೀಪದ ಬನವಾಸಿ ರಾಜಧಾನಿಯಾಯಿತು.

ಕವಿ ಕುಬ್ಜ ಈ ಶಾಸನ ಬರೆದದ್ದು ಶಾಂತಿವರ್ಮನ ಕಾಲದಲ್ಲಿ. ಅದಕ್ಕೆ ಕಾರಣ ಯುದ್ಧವಲ್ಲ, ಕಾಕುಸ್ಥವರ್ಮ ಇಲ್ಲಿ ಕಟ್ಟಿಸಿದ ಕೆರೆ. ಕಾಡಿನಲ್ಲಿ ಕಪ್ಪವಾಗಿ ಶುರುವಾದ ಸಂಪತ್ತು ಊರಿಗೆ ನೀರಾಗಿ ಬಂತು.